ಮತ್ತಿ ಮರದ ಪೊಟರೆಯಲ್ಲಿ ನಾನಿಟ್ಟ ತಾಮ್ರದ ನಳಿಗೆ

ಖಾನಾಪುರ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ, ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ, ಒಬ್ಬ ಮುದುಕಿಯ ಹಾಲನ್ನು ಯಾರೂ ಕೊಳ್ಳದೆ ಹೋದರು. ಇಪ್ಪತ್ತು ದಿನಕ್ಕೂ ಹೆಚ್ಚು ಕಾಲ ಆಕೆ ಎರಡು ಎಮ್ಮೆಗಳನ್ನು ಕರೆದು, ಕರುಗಳಿಗೆ ಬಿಟ್ಟು, ನಾಯಿಗಳಿಗೆ ಹಾಕಿ, ಉಳಿದದ್ದನ್ನು ಚೆಲ್ಲಿದಳು. ಆಕೆಯ ಗುಡಿಸಲನ್ನು ಅಲ್ಲಿಂದ ಕೀಳಿಸುವ ಮಾತೂ ನಡೆದಿತ್ತು. ಇದೆಲ್ಲ ಆದದ್ದು ನನ್ನಿಂದ. ಆಕೆಗೆ ನಾನು ಕೇಡು ಬಯಸಿದವನಲ್ಲ. ಕೇಡಾಗಲಿ ಒಳಿತಾಗಲಿ, ಏನನ್ನಾದರೂ ಬಯಸುವಷ್ಟು ಲಕ್ಷ್ಯವನ್ನೇ ನಾನು ಆಕೆಯ ಕಡೆ ಕೊಟ್ಟಿರಲಿಲ್ಲ. ನಾನು ಆಡುತ್ತಿದ್ದದ್ದು ಒಂದು ಆಟ, ಅಷ್ಟೇ.

ಆಟದ ಹೆಸರು ಜಿಯೋಕ್ಯಾಶಿಂಗ್. ಹೆಸರಿಗೆ ಹೆದರಬೇಡಿ, ಒಳಗೇನೂ ಇಲ್ಲ. ಒಬ್ಬ ಒಂದು ಸಣ್ಣ ಡಬ್ಬಿಯನ್ನು ಬಯಲಲ್ಲಿ ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆ್ಯಪಿನಲ್ಲಿ ಹಾಕುತ್ತಾನೆ. ಮಿಕ್ಕವರು ಫೋನು ಹಿಡಿದುಕೊಂಡು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ತಮ್ಮ ಆಟದ ಹೆಸರನ್ನೂ ತಾರೀಖನ್ನೂ ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಮನೆಗೆ ಹೋಗುತ್ತಾರೆ. ಮೊದಲ ಸಲ ಇದನ್ನು ವಿವರಿಸಿದಾಗ ನನ್ನ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು.

"ಸಿಕ್ಕಿದ್ದನ್ನ ಮನಿಗಿ ತರಂಗಿಲ್ಲೇನು?"

"ಇಲ್ಲ."

"ಮತ್ತ ಯಾಕ ಹುಡಕತೀರಿ?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ಕಡಿಮೆ ಎಂದು ಸುಮ್ಮನಾದೆ. ಅಡುಗೆಮನೆ ಬಿಟ್ಟು ಹೊರಗಿನದು ಗೊತ್ತಿಲ್ಲದವಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೂವತ್ತು ವರ್ಷ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಹೆಂಗಸಿನ ಬಗ್ಗೆ ನಾನು ಅಂದುಕೊಂಡದ್ದು ಇದು, ನೋಡಿ.

ನನ್ನದು ರವಿವಾರ ಪೇಟೆಯಲ್ಲಿ ಅರಿಶಿನದ ಸಗಟು ಅಂಗಡಿ. ಅಜ್ಜನ ಕಾಲದ್ದು. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಡಾಕ್ಟರು ದಿನಾ ನಡೀರಿ ಎಂದರು. ಬೆಳಿಗ್ಗೆ ಮೈದಾನದಲ್ಲಿ ಸುತ್ತುವವರನ್ನು ಎರಡು ದಿನ ನೋಡಿದೆ. ಬಿಳಿ ಬೂಟು, ಕಿವಿಯಲ್ಲಿ ಭಜನೆ, ಬಾಯಲ್ಲಿ ಸೊಸೆಯಂದಿರ ದೂರು. ಥೂ, ಇವರ ಸಂಗಡ ಸುತ್ತುವ ಬದಲು ಸಕ್ಕರೆ ಏರಿ ಸಾಯುವುದೇ ಲೇಸು ಅನ್ನಿಸಿತು. ಆಗಲೇ ಫೋನಿನಲ್ಲಿ ಈ ಆಟ ಕಣ್ಣಿಗೆ ಬಿತ್ತು. ನಡೆಯುವುದಕ್ಕೆ ಒಂದು ಗುರಿ, ಒಂದು ಲೆಕ್ಕ, ಒಂದು ಗುಟ್ಟು. ನನ್ನಂಥವನಿಗೆ ತಕ್ಕದ್ದು ಎಂದು ಹಿಡಿದುಕೊಂಡೆ. ನನಗೆ ಬಿಡುವು ಸಿಗುತ್ತಿದ್ದದ್ದು ಅಮಾವಾಸ್ಯೆಗೆ. ನಮ್ಮ ಪೇಟೆಯಲ್ಲಿ ಆ ದಿನ ಹಮಾಲರು ಚೀಲ ಮುಟ್ಟುವುದಿಲ್ಲ, ಅಂಗಡಿ ಬಂದ್. ಹಾಗಾಗಿ ತಿಂಗಳಿಗೊಮ್ಮೆ ನಸುಕಿನಲ್ಲಿ ಬೈಕ್ ಹತ್ತಿದರೆ, ಸೂರ್ಯ ಮುಳುಗುವುದರೊಳಗೆ ಊಟಕ್ಕೆ ಮನೆಗೆ ಬರುತ್ತಿದ್ದೆ.

ಬೆಳಗಾವಿಯಲ್ಲಿ ಈ ಆಟದವರ ಒಂದು ಗುಂಪು ಇದೆ ಎಂದು ಆಮೇಲೆ ಗೊತ್ತಾಯಿತು. ಅಮಾವಾಸ್ಯೆ ಬಿದ್ದ ಒಂದು ರವಿವಾರ ಅವರನ್ನು ನೋಡಲು ಹೋದೆ. ಅಯ್ಯೋ ಶಿವನೇ! ಹದಿನಾಲ್ಕು ಜನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎದೆಯ ಮೇಲೆ ದಿಕ್ಸೂಚಿಯ ಚಿತ್ರ. ಕೋಟೆಯ ಕಂದಕದ ಹತ್ತಿರ ಒಂದು ಡಬ್ಬಿ ಹುಡುಕಲು ಹದಿನಾಲ್ಕು ಜನರೂ ಒಟ್ಟಿಗೆ ಪೊದೆ ತುಳಿದರು. ಸಿಕ್ಕಿದಾಗ ಮದುವೆಯಲ್ಲಿ ಕೂಗಿದ ಹಾಗೆ ಕೂಗಿದರು. ಆಮೇಲೆ ಒಂದು ತಾಸು ಫೋಟೋ. ಗುಂಪಿಗೆ ಮುಖ್ಯಸ್ಥ ಒಬ್ಬ ಹಲ್ಲಿನ ಡಾಕ್ಟರು, ನೆಹರು ನಗರದಲ್ಲಿ ಮನೆ. ಆ ಡಬ್ಬಿ ಅವನದೇ, ಪ್ಲಾಸ್ಟಿಕ್ಕಿನ ಟಿಫಿನ್ ಡಬ್ಬಿ. ಒಳಗೆ ಏನಿಟ್ಟಿದ್ದ ಗೊತ್ತೇ ಆ ಮಹಾನುಭಾವ? ಕುಂದಾ! ಹುಡುಕಿದವರ ಬಾಯಿ ಸಿಹಿಯಾಗಲಿ ಅಂತ. ಮುಚ್ಚಳ ತೆಗೆದರೆ ಕುಂದಾ ಇರಲಿಲ್ಲ, ಇರುವೆ ಇದ್ದವು. ತಿನ್ನುವ ವಸ್ತು ಇಡಬಾರದು ಎಂಬುದು ಈ ಆಟದ ಮೊದಲ ನಿಯಮ. ಹಲ್ಲು ಕೀಳುವವನಿಗೆ ಅಷ್ಟೂ ತಿಳಿಯದು.

"ನೀವೂ ಒಂದ ಇಡ್ರಿ ಸಾಹುಕಾರ್ರ, ನಾವು ಹುಡಕತೇವಿ," ಅಂದ ಅವನು.

ಇಡುತ್ತೇನೆ, ನಿಮ್ಮಂಥವರಿಗೆ ಸಿಗದ ಹಾಗೆ ಇಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಬಂದೆ. ನನಗೆ ಅವರ ಪ್ಲಾಸ್ಟಿಕ್ಕು ಕಂಡರೇ ಹೇಸಿಗೆ. ಬಿಸಿಲಿಗೆ ಸೀಳುತ್ತದೆ, ಮಳೆಗೆ ನೀರು ಕುಡಿಯುತ್ತದೆ, ನೋಡಲು ಕಸ. ನಾನು ಇಡುವುದು ನನ್ನ ಮೊಮ್ಮಕ್ಕಳ ಕಾಲದವರೆಗೂ ಇರಬೇಕು ಎಂದು ಠರಾಯಿಸಿದೆ.

ಆಟೋ ನಗರದಲ್ಲಿ ನನಗೆ ಗುರುತಿನ ಒಬ್ಬ ಲೇತ್ ಕೆಲಸದವನಿದ್ದ. ಅವನ ಹತ್ತಿರ ತಾಮ್ರದ ನಳಿಗೆ ಮಾಡಿಸಿದೆ. ಬೆರಳುದ್ದ, ಹೆಬ್ಬೆರಳ ದಪ್ಪ, ಎರಡೂ ಕಡೆ ತಿರುಪಿನ ಮುಚ್ಚಳ, ಒಂದು ತುದಿಗೆ ಸಣ್ಣ ಕೊಂಡಿ. ಹನಿ ನೀರೂ ಒಳಗೆ ಹೋಗದ ಕೆಲಸ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಮುಖ ನೋಡಿದ.

"ಯಾರಿಗಿ ಕಟ್ಟಾವ್ರು ಸಾಹುಕಾರ್ರ? ಕೂಸಿಗಂದ್ರ ಭಾಳ ದೊಡ್ಡದಾತಲ್ರಿ."

"ಗಿಡಕ್ಕ ಕಟ್ಟಾವ ಅದೀನಿ," ಅಂದೆ.

ಅವನು ಕೊಡುವಾಗ ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹಿಂದೆ ಸರಿದ. ವರ್ಕ್‌ಶಾಪಿನವರಿಗೆ ರೀತಿ ರಿವಾಜು ಎಲ್ಲಿಂದ ಬರಬೇಕು ಎಂದುಕೊಂಡು ಎತ್ತಿಕೊಂಡು ಬಂದೆ.

ಮನೆಯಲ್ಲಿ ಕೂತು ಉದ್ದನೆಯ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿದೆ. ಹೊರಗೆಳೆಯಲು ಸುಲಭವಾಗಲಿ ಎಂದು ಅದಕ್ಕೊಂದು ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿದೆ. ಮುಚ್ಚಳದ ಸಂದಿಗೆ ಮೇಣ ಬಳಿದೆ. ಕೊಂಡಿಗೆ ಕರಿ ದಾರ ಕಟ್ಟಿದೆ, ಕತ್ತಲೆಯ ಪೊಟರೆಯಲ್ಲಿ ಕರಿ ದಾರ ಕಾಣುವುದಿಲ್ಲವಲ್ಲ, ಅದಕ್ಕೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಹೆಂಡತಿಗೆ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ನೋಡಿ, "ಇದನ್ನ ದೇವರ ಕೋಣ್ಯಾಗ ಇಡಬ್ಯಾಡ್ರಿ," ಎಂದು ಮಾತ್ರ ಹೇಳಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಜಾಗ ಹುಡುಕಲು ಮೂರು ಅಮಾವಾಸ್ಯೆ ಹಿಡಿಯಿತು. ಕಡೆಗೆ ಸಿಕ್ಕಿದ್ದು ಆ ಹಳ್ಳಿಯ ಹೊರಗೆ, ಹಳೆಯ ಹೆಂಚಿನ ಭಟ್ಟಿಯ ಆಚೆ, ಗದ್ದೆಯ ಬದುವಿನ ಮೇಲಿದ್ದ ಒಂದು ಮುದಿ ಮತ್ತಿ ಮರ. ಎದೆಯ ಎತ್ತರದಲ್ಲಿ ಪೊಟರೆ. ಹಾದಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಕಲ್ಲೆಸೆತದ ದೂರದಲ್ಲಿ ಒಂದೇ ಒಂದು ಗುಡಿಸಲು, ಎರಡು ಎಮ್ಮೆ, ಒಬ್ಬ ಮುದುಕಿ. ಗಂಡ ತೀರಿಕೊಂಡು ಬಹಳ ವರ್ಷ, ಮಗಳನ್ನು ಅದೇ ಊರಿಗೆ ಕೊಟ್ಟಿದ್ದಳು. ಹಾಲು ಊರಿನ ಹಾಲಿನ ಕೇಂದ್ರಕ್ಕೆ ಹೋಗುತ್ತಿತ್ತು. ಇಷ್ಟೂ ನನಗೆ ತಿಳಿದದ್ದು ಆಮೇಲೆ. ಆಗ ನನಗೆ ಆಕೆ ಬರೀ ಮಜ್ಜಿಗೆ ಕೊಡುವ ಮುದುಕಿ.

ಮರದ ಕೆಳಗೆ ಫೋನಿನ ಬಾಣ ಕುಡುಕನ ಹಾಗೆ ತೂರಾಡುತ್ತದೆ. ಅಂಕಿ ಸರಿಯಾಗಿ ಬೇಕಿದ್ದರೆ ನಾಲ್ಕೂ ಕಡೆಯಿಂದ ಓದಿ ಸರಾಸರಿ ತೆಗೆಯಬೇಕು. ಬೇರುಗಳ ಮೇಲೆ ಜಾರುತ್ತದೆ ಎಂದು ಚಪ್ಪಲಿ ಬಿಟ್ಟು, ಫೋನಿನ ಮೇಲೆ ಕಣ್ಣಿಟ್ಟು, ಅಂಕಿಗಳನ್ನು ಬಾಯಲ್ಲೇ ಗುಣಿಸುತ್ತ ಮರವನ್ನು ಸುತ್ತುತ್ತಿದ್ದೆ. ಮುಂದೆ ಮೂರು ವರ್ಷ, ಎರಡು ಮೂರು ತಿಂಗಳಿಗೊಮ್ಮೆ, ಮೇಣ ಹಚ್ಚಲು, ದಾರ ಬದಲಿಸಲು, ಚೀಟಿ ತುಂಬಿದೆಯೇ ನೋಡಲು ಹೋಗುತ್ತಿದ್ದೆ. ಹೋದಾಗೊಮ್ಮೆ ಅಂಕಿ ಸರಿಯಿದೆಯೇ ಎಂದು ಮತ್ತೆ ಸುತ್ತು. ಕೆಲಸ ಅಂದರೆ ಹಾಗಿರಬೇಕು. ಟೀ ಶರ್ಟು ಹಾಕಿಕೊಂಡರೆ ಆಯಿತೇ?

ಕೆಲಸ ಮುಗಿಸಿ ಗುಡಿಸಲ ಮುಂದೆ ನಿಂತರೆ ಮುದುಕಿ ಕೇಳದೆಯೇ ಒಂದು ತಂಬಿಗೆ ಮಜ್ಜಿಗೆ ತಂದುಕೊಡುತ್ತಿದ್ದಳು. ರೊಕ್ಕ ಚಾಚಿದರೆ ತಲೆ ಅಲ್ಲಾಡಿಸಿ ಒಳಗೆ ಹೋಗುತ್ತಿದ್ದಳು. ಪ್ರತಿ ಸಲವೂ ಒಂದೇ ಪ್ರಶ್ನೆ.

"ಮನ್ಯಾಗ ಆರಾಮ ಅದಾರೇನ್ರಿ?"

"ಹೂಂ, ಏನೋ ನಡದೈತಿ," ಎಂದು ನಾನು ಬೈಕಿನ ಕಡೆ ತಿರುಗುತ್ತಿದ್ದೆ.

ಮೂರು ವರ್ಷದಲ್ಲಿ ಒಂದು ಸಲವಾದರೂ ನೀವು ಯಾರು, ಇಲ್ಲಿ ಏನು ಮಾಡುತ್ತೀರಿ ಎಂದು ಆಕೆ ಕೇಳಲಿಲ್ಲ. ಎಮ್ಮೆಗಳ ಸಂಗಡ ಇದ್ದೂ ಇದ್ದೂ ಮುದುಕಿಯ ತಲೆಯೂ ಎಮ್ಮೆಯದೇ ಆಗಿದೆ, ಕುತೂಹಲ ಅನ್ನುವುದೇ ಇಲ್ಲ ಎಂದು ನಾನು ನಗುತ್ತಿದ್ದೆ. ಇದನ್ನು ಹೆಂಡತಿಗೂ ಹೇಳಿ ನಕ್ಕಿದ್ದೇನೆ. ಆಕೆ ನಗಲಿಲ್ಲ.

ಮೂರು ವರ್ಷದಲ್ಲಿ ಹನ್ನೊಂದು ಮಂದಿ ಮಾತ್ರ ನನ್ನ ನಳಿಗೆಯನ್ನು ಹುಡುಕಿದ್ದರು. ಹಲ್ಲಿನ ಡಾಕ್ಟರ ಗುಂಪು ಎರಡು ಸಲ ಬಂದು, ಸಿಗದೆ, ಜೋಲು ಮುಖ ಹಾಕಿಕೊಂಡು ಹೋಗಿತ್ತು. ಆ ಸುದ್ದಿ ಬಂದ ದಿನ ಅಂಗಡಿಯಲ್ಲಿ ಎಲ್ಲರಿಗೂ ಚಹಾ ಹೇಳಿಸಿದ್ದೆ.

ಹೋದ ವರ್ಷ ದೀಪಾವಳಿ ಕಳೆದು ಕೆಲವು ದಿನಕ್ಕೆ ಆ್ಯಪಿನಲ್ಲಿ ಒಂದು ಸಂದೇಶ ಬಂತು. ಪುಣೆಯ ಕಡೆಯ ಯಾರೋ. "ಡಬ್ಬಿ ಅಲ್ಲಿಲ್ಲ. ಪೊಟರೆ ಮುಚ್ಚಿದ್ದಾರೆ. ದಯವಿಟ್ಟು ನೋಡಿ." ಸಿಗಲಿಲ್ಲ ಎಂದು ಯಾರಾದರೂ ಬರೆದರೆ, ಇಟ್ಟವನು ಹೋಗಿ ನೋಡಿ ಬರಬೇಕು, ಅದು ಪದ್ಧತಿ. ನಾನು ಹೋಗಲಿಲ್ಲ. "ಕಣ್ಣು ಬಿಟ್ಟು ಹುಡುಕಿದರೆ ಸಿಗುತ್ತದೆ," ಎಂದು ಬರೆದೆ. ವಾರಕ್ಕೆ ಇನ್ನೊಂದು. ಅದನ್ನೂ ಹಾಗೆಯೇ ಜಾಡಿಸಿದೆ. ಮೂರನೆಯದು ಹಲ್ಲಿನ ಡಾಕ್ಟರದ್ದು: "ಸಾಹುಕಾರ್ರೇ, ಅಲ್ಲಿ ಏನೋ ಗದ್ದಲ ಇದ್ದ ಹಾಗಿದೆ. ಊರಿನವರು ನಮ್ಮನ್ನು ಸಿಟ್ಟಿನಿಂದ ನೋಡಿದರು. ಹೋಗಿ ಬನ್ನಿ." ಸಿಗದ ಹೊಟ್ಟೆಯುರಿಗೆ ಕಥೆ ಕಟ್ಟುತ್ತಾನೆ, ಭಂಡ! ಎಂದು ಫೋನು ಬದಿಗಿಟ್ಟೆ. ಅಂಗಡಿ ಬಂದ್ ಇರದ ದಿನ ನಾನು ಯಾಕೆ ಹೋಗಲಿ? ಅಮಾವಾಸ್ಯೆ ಬರಲಿ ಎಂದು ಕಾದೆ. ಮುದುಕಿ ಹಾಲು ಚೆಲ್ಲಿದ್ದು ಅದೇ ದಿನಗಳಲ್ಲಿ.

ಅಮಾವಾಸ್ಯೆಯ ಬೆಳಿಗ್ಗೆ ಹೋದೆ. ಮರದ ಸುತ್ತ ಬೇವಿನ ಟೊಂಗೆ ಚುಚ್ಚಿದ್ದರು. ಬುಡದಲ್ಲಿ ಕೊಯ್ದ ಲಿಂಬೆಹಣ್ಣು, ಅದರ ಮೇಲೆ ಕುಂಕುಮ. ಪೊಟರೆಗೆ ಸಗಣಿ ಮೆತ್ತಿ ಮುಳ್ಳು ತುರುಕಿದ್ದರು. ನನ್ನ ನಳಿಗೆ ಇಲ್ಲ. ಕಾಡುಜನ, ಕಂಡದ್ದಕ್ಕೆಲ್ಲ ಕುಂಕುಮ ಹಚ್ಚುತ್ತಾರೆ ಎಂದು ಬೈಯುತ್ತ ಗುಡಿಸಲಿಗೆ ಹೋದೆ. ಅಂಗಳದಲ್ಲಿ ಹಾಲು ಹುಳಿಯಾಗಿ ನಾರುತ್ತಿತ್ತು. ಮುದುಕಿ ಬಾಗಿಲಲ್ಲಿ ಕೂತಿದ್ದಳು, ಇಳಿದು ಹೋಗಿದ್ದಳು. ನನ್ನನ್ನು ಕಂಡದ್ದೇ ದಡಬಡಿಸಿ ಎದ್ದಳು.

"ಇಲ್ಲಿ ನಿಂದರಬ್ಯಾಡ್ರಿ. ಹೋಗ್ರಿ. ಈ ಕಡೆ ಮತ್ತ ಬರಬ್ಯಾಡ್ರಿ."

"ಯಾಕ? ಏನಾತು?"

"ಹೋಗ್ರಿ ಅಂದೆ!" ಎಂದು ಬಾಗಿಲು ಹಾಕಿಕೊಂಡಳು. ಆ ದಿನ ಮಜ್ಜಿಗೆ ಇಲ್ಲ.

ಡಾಂಬರು ರಸ್ತೆಯ ಮೇಲಿನ ಚಹಾದ ಅಂಗಡಿಯವನು ಎಲ್ಲ ಹೇಳಿದ. ಪ್ಲಾಟ್ ನೋಡಲು ಬರುವ ಪೇಟೆಯ ಮನುಷ್ಯ ಎಂದು ಅವನು ನನ್ನನ್ನು ತಿಳಿದಿದ್ದ. ಜೇನು ಕೀಳಲು ಮರ ಹತ್ತಿದವನಿಗೆ ಪೊಟರೆಯಲ್ಲಿ ಕರಣಿ ಸಿಕ್ಕಿತ್ತಂತೆ. ಕರಣಿ ಎಂದರೆ ಮಾಟ. ಆ ಹೊತ್ತಿಗೇ ಊರಲ್ಲಿ ಮೂರು ಮನೆಯ ಎಮ್ಮೆ ಬತ್ತಿದ್ದವು, ಒಂದು ಕರು ಸತ್ತಿತ್ತು.

"ಎಲ್ಲಾರ ಎಮ್ಮಿ ಬತ್ತಿದ್ವು, ಅಕೀವ ಎರಡೂ ಬಿಂದಿಗಿಗಟ್ಲೆ ಕೊಡತಿದ್ವು. ಗಿಡಾ ನೋಡಿದ್ರ ಅಕಿ ಬಾಗಲಾ ಮುಂದನ. ಮತ್ತ ಯಾರ ಮಾಡ್ತಾರ್ರಿ? ಅಕೀದ ಕೆಲಸ. ಹಾಲಿನ ಕೇಂದ್ರದಾಗ ಅಕಿ ಹಾಲ ನಮ್ಮ ಹಾಲಿನಾಗ ಕೂಡಸಬ್ಯಾಡ್ರಿ ಅಂದ್ರು. ಮಗಳ ಮನ್ಯಾಗೂ ಬರಬ್ಯಾಡ ಅಂದಾರ. ಬರೋ ಐತವಾರ ಗುಡಸಲಾ ಕಿತ್ತಸ್ತಾರ."

ನಾನು ಜೋರಾಗಿ ನಕ್ಕೆ. ಇಂಥ ಮೂಢರೂ ಇರುತ್ತಾರೆಯೇ ಎಂದು ನಕ್ಕೆ. "ಅದು ಕರಣಿನೂ ಅಲ್ಲ, ಮಣ್ಣೂ ಅಲ್ಲ. ಅದು ನಂದು. ನಡಿ, ಎಲ್ಲಿ ಇಟ್ಟೀರಿ ತೋರ್ಸು," ಅಂದೆ. ಎರಡು ಮಾತಿನಲ್ಲಿ ತಿಳಿಸಿ, ನಳಿಗೆ ಎತ್ತಿಕೊಂಡು, ಮಧ್ಯಾಹ್ನದೊಳಗೆ ಮನೆಗೆ ಹೋಗುವ ಅಂದಾಜು ನನ್ನದು.

ಗುಡಿಯ ಕಟ್ಟೆಯ ಮೇಲೆ ಊರಿನ ಹಿರಿಯ, ಹಾಲಿನ ಕೇಂದ್ರದ ಕಾರಕೂನ, ಆಮೇಲೆ ನೋಡನೋಡುತ್ತ ನಲವತ್ತು ಜನ. ನಳಿಗೆಯನ್ನು ಒಡೆದ ಗಡಿಗೆಯಲ್ಲಿ ಬೇವಿನೆಲೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರಿದ್ದರು. ನಾನು ಕಲ್ಲು ಸರಿಸಿ ಬರಿಗೈಯಲ್ಲಿ ಎತ್ತಿದಾಗ ಹೆಂಗಸರೆಲ್ಲ ಹಿಂದೆ ಸರಿದರು. ತಿರುಪು ಬಿಚ್ಚಿ ಚೀಟಿ ಎಳೆದು ತೋರಿಸಿದೆ. ಹಿರಿಯ ದೂರದಿಂದಲೇ ಕತ್ತು ಚಾಚಿದ.

"ಇವು ಯಾರ ಹೆಸರ್ರಿ?"

"ಹುಡುಕಿದವರ ಹೆಸರು."

"ಇವರೆಲ್ಲಾ ಬದಕ್ಯಾರೇನು?"

"ಬದಕ್ಯಾರ್ರೀ! ಯಾಕ ಸಾಯ್ತಾರ? ಇದೊಂದು ಆಟ. ನಾನು ಮುಚ್ಚಿಡತೀನಿ, ಅವರು ಹುಡಕತಾರ."

"ಹುಡಕಿ ಏನ ಮಾಡತಾರ?"

"ಹೆಸರ ಬರದು ಮತ್ತ ಅಲ್ಲೇ ಇಡತಾರ."

"ಅದರಾಗ ಅವರಿಗಿ ಏನ ಸಿಗತೈತಿ?"

"ಏನೂ ಸಿಗೂದಿಲ್ಲ."

ನನ್ನ ಹೆಂಡತಿ ಕೇಳಿದ ಪ್ರಶ್ನೆ ಅದು. ಅವತ್ತು ಉತ್ತರ ಕೊಡದೆ ಬಿಟ್ಟಿದ್ದೆ, ಇವತ್ತು ಕೊಟ್ಟೆ. ಉತ್ತರ ಪ್ರಶ್ನೆಗಿಂತ ಹೀನವಾಗಿತ್ತು. ಫೋನು ತೆಗೆದು ಆ್ಯಪು ತೋರಿಸಲು ಹೋದೆ. ನೆಟ್‌ವರ್ಕ್ ಇಲ್ಲ. ಪರದೆಯ ಮೇಲೆ ಚಕ್ರ ಸುತ್ತತೊಡಗಿತು, ನಲವತ್ತು ಜನ ಆ ಚಕ್ರವನ್ನೇ ನೋಡಿದರು.

"ನೀವು ಯಾವಾಗ ಬರತಿದ್ರಿ?" ಎಂದ ಹಿರಿಯ.

"ಅಮಾಸಿಗಿ."

ಗುಜುಗುಜು ಎದ್ದಿತು. "ಅಮಾಸಿಗೇ ಯಾಕ?"

"ಹಮಾಲರ ಸೂಟಿ ಇರತೈತ್ರಿ."

"ಬಂದು?"

"ಚಪ್ಪಲ ಬಿಟ್ಟು, ಗಿಡಾ ಸುತ್ತಿ..." ಅಷ್ಟು ಹೇಳುವಾಗ ನನ್ನ ದನಿ ನನಗೇ ಕೇಳಿಸಿತು. ಅಲ್ಲಿಗೆ ನಿಲ್ಲಿಸಿದೆ.

ಹಿರಿಯ ಬೆರಳು ಮಡಚತೊಡಗಿದ. "ತಾಮ್ರದ ನಳಿಗಿ. ಮ್ಯಾಲ ಮೇಣ. ಕರೇ ದಾರ. ಒಳಗ ಹೆಸರು, ಹೆಸರಿಗಿ ಚುಚ್ಚಿದ ಟಾಚಣಿ. ಬರೂದು ಅಮಾಸಿಗಿ, ಗಿಡಾ ಸುತ್ತೂದು. ಇದಕ್ಕ ಕರಣಿ ಅನ್ನದ ಇನ್ನೇನ ಅನ್ನೂಣ್ರಿ, ನೀವ ಹೇಳ್ರಿ?"

ಆ ನಳಿಗೆ ನನ್ನ ಕೈಯಲ್ಲಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅದನ್ನು ಕಣ್ಣು ಬಿಟ್ಟು ನೋಡಿದೆ. ಲೇತಿನವನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟದ್ದು, ಹೆಂಡತಿ ದೇವರ ಕೋಣೆಯಲ್ಲಿ ಬೇಡ ಎಂದದ್ದು ನೆನಪಾಯಿತು. ಊರಲ್ಲಿ ಕುರುಡರೂ ಕಂಡುಹಿಡಿಯುವಂಥದ್ದು ನನಗೊಬ್ಬನಿಗೆ ಕಂಡಿರಲಿಲ್ಲ. ಹಲ್ಲಿನ ಡಾಕ್ಟರ ಆ ಪ್ಲಾಸ್ಟಿಕ್ ಡಬ್ಬಿಯನ್ನು ಇಟ್ಟಿದ್ದರೆ ಯಾವನೋ ಇರುವೆ ಜಾಡಿಸಿ ಒಳಗೆ ಸೂಜಿ ದಾರ ತುಂಬಿಕೊಳ್ಳುತ್ತಿದ್ದ, ಅಷ್ಟೇ ಆಗುತ್ತಿತ್ತು.

"ಹಂಗಾದ್ರ ಇಬ್ಬರೂ ಕೂಡೇ ಮಾಡೀರಿ," ಎಂದ ಕಾರಕೂನ. "ಮುದುಕಿ ನಿಮ್ಮನ್ನ ಕರಸ್ಯಾಳ. ಇಲ್ಲಾಂದ್ರ ತಲಿ ಬೆಳ್ಳಗಾದ ಗಂಡಸು, ಪೇಟಿ ಸಾಹುಕಾರ, ಡಬ್ಬಿ ಮುಚ್ಚಿಡೂ ಆಟಾ ಆಡತಾನಂತ! ನಾವೇನ ಹುಚ್ಚರೇನ್ರಿ ನಂಬಾಕ?"

ನಿಜ ಹೇಳಿದಷ್ಟೂ ಆಕೆಯ ಗುಡಿಸಲು ಇನ್ನಷ್ಟು ಅಲುಗಾಡುತ್ತಿತ್ತು. ಏನು ಹೇಳಿದರೂ ಸುಳ್ಳೇ. ಆಗ ಹಿರಿಯ ಒಳಗಿಂದ ಒಂದು ತಟ್ಟೆ ತರಿಸಿದ. ಅದರಲ್ಲಿ ಬಿಲ್ವದ ಎಲೆ, ಅರಿಶಿನದ ಪುಡಿ. ಬೇಲ-ಭಂಡಾರ. ಆ ಕಡೆಯ ಜನ ಅದನ್ನು ಕೈಯಲ್ಲಿ ಎತ್ತಿ ಸುಳ್ಳು ಹೇಳುವುದಿಲ್ಲ, ಎತ್ತಿ ಹೇಳಿದ್ದನ್ನು ಮತ್ತೆ ಪ್ರಶ್ನಿಸುವುದೂ ಇಲ್ಲ.

"ಭಂಡಾರ ಎತ್ತಿ ಹೇಳ್ರಿ. ಖರೇ ಇದ್ರ ಎತ್ತತೀರಿ."

ನಾವು ಬಸದಿಗೆ ಹೋಗುವ ಮಂದಿ, ಭಂಡಾರ ನಮ್ಮದಲ್ಲ. ಅದೂ ಅಲ್ಲದೆ ನಾನು ಅರಿಶಿನವನ್ನು ಚೀಲಗಟ್ಟಲೆ ಮಾರಿದವನು. ಯಾವ ಪುಡಿಯಲ್ಲಿ ಎಷ್ಟು ಹಿಟ್ಟು ಕೂಡಿಸಿರುತ್ತಾರೆ ಎಂದು ಬೆರಳಲ್ಲಿ ತಿಕ್ಕಿ ಹೇಳಬಲ್ಲೆ. ಆ ತಟ್ಟೆಯಲ್ಲಿದ್ದದ್ದು ಹಲಕಾ ಮಾಲು, ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಅದನ್ನು ತಿಕ್ಕಿ ನೋಡದೆ ಅಂಗೈಗೆ ಹಾಕಿಕೊಂಡೆ. ನಳಿಗೆ ನನ್ನದು, ಮುದುಕಿಗೂ ಅದಕ್ಕೂ ಸಂಬಂಧವಿಲ್ಲ, ಇದು ಮಾಟವಲ್ಲ, ಆಟ, ಎಂದು ನಲವತ್ತು ಜನರ ಎದುರು ಗಟ್ಟಿಯಾಗಿ ಹೇಳಿದೆ.

ಹಿರಿಯ ನಿಟ್ಟುಸಿರು ಬಿಟ್ಟ. "ಆತು ಬಿಡ್ರಿ. ಖರೇ ಐತಿ."

ಅಷ್ಟೇ. ಆ್ಯಪು, ಅಕ್ಷಾಂಶ, ಚೀಟಿ ಯಾವುದೂ ಬೇಕಾಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ಕಿಸಕ್ಕೆಂದರು. ಒಬ್ಬರಿಂದ ಒಬ್ಬರಿಗೆ ಹತ್ತಿ ಕಟ್ಟೆಯೆಲ್ಲ ನಗತೊಡಗಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಚಹಾದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು, "ಹುಡಕಿ ಮತ್ತ ಅಲ್ಲೇ ಇಡೂದಂತ!" ಎಂದು ಮೂರು ಸಲ ಹೇಳಿದ. ಇಪ್ಪತ್ತು ದಿನ ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ ಹೊಡೆದವರು ಈಗ ಇಷ್ಟು ಹಗುರಾಗಿ ನಗುವುದನ್ನು ಕಂಡು ನನಗೆ ಮೈಯುರಿಯಿತು. ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ? ಮುಚ್ಚಿದೆ.

"ನಾಳಿಯಿಂದ ಹಾಲ ತರಾಕ ಹೇಳ್ರಿ ಅಕಿಗಿ," ಎಂದ ಕಾರಕೂನ, ನನಗೆ. ಹೇಳಲು ಊರಿನವರು ಒಬ್ಬರೂ ಏಳಲಿಲ್ಲ. ಮಗಳ ಮನೆಯವರೂ ಅಲ್ಲೇ ನಿಂತಿದ್ದರು, ನೆಲ ನೋಡುತ್ತಿದ್ದರು.

ಬೈಕು ಅಲ್ಲೇ ಬಿಟ್ಟು ನಡೆದು ಹೋದೆ. ಮುದುಕಿ ಎಮ್ಮೆಗಳಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ಕಂಡು ಮೊದಲು ನೋಡಿದ್ದು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು.

"ಮತ್ತ ಯಾಕ ಬಂದ್ರಿ? ಯಾರರ ನೋಡ್ಯಾರೇನು?"

"ಎಲ್ಲಾ ಮುಗೀತ್ರಿ. ಅದು ನಂದು ಅಂತ ಹೇಳಿ ಬಂದೀನಿ. ನಾಳಿಯಿಂದ ಹಾಲ ತಗೋತಾರ. ಗುಡಸಲಾ ಕೀಳಂಗಿಲ್ಲ." ಆಕೆಯನ್ನು ನಾನು 'ರೀ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು.

ಆಕೆ ಹುಲ್ಲಿನ ಕಟ್ಟು ಕೆಳಗಿಟ್ಟಳು. "ನಿಮಗ ಬಡೀಲಿಲ್ಲಲಾ?"

"ಇಲ್ಲ."

"ಚಲೋ ಆತು. ನಿಮ್ದು ಅಂತ ನನಗ ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ. "ಗೊತ್ತಿತ್ತಾ?"

"ಮೂರ ವರ್ಸಾ ನನ್ನ ಬಾಗಲಾ ಮುಂದ ಸುತ್ತೀರಿ, ಗೊತ್ತಾಗೂದಿಲ್ಲೇನು? ಅಮಾಸಿಗೇ ಒಬ್ಬರ ಬರತೀರಿ, ಚಪ್ಪಲ ಬಿಡತೀರಿ, ಬಾಯಾಗ ಏನೋ ಅನಕೋತ ತಿರಗತೀರಿ. ಸುತ್ತು ಹಾಕೂ ಮುಂದ ನಿಮ್ಮ ಮಾರಿ ನೋಡಿ, ಮನ್ಯಾಗ ಯಾರದೋ ಜೀವಕ್ಕ ಬಂದೈತಿ, ದವಾಖಾನಿ ಎಲ್ಲಾ ಮುಗಿಸಿ ಕಡೀಕ ಈ ಗಿಡಕ್ಕ ಹರಕಿ ಕಟ್ಟಾಕ ಬಂದಾರ ಅನಕೊಂಡೆ."

"ಮತ್ತ ಊರಾಗ ಯಾಕ ಹೇಳಲಿಲ್ರಿ? ನಂದಲ್ಲ, ಅವನದು ಅಂದಿದ್ರ..."

"ಹೇಳಿದ್ರ ಕಾದ ಕುಂತ ಬಡದ ಹಾಕತಿದ್ರು ನಿಮ್ಮನ್ನ. ಅದನ್ನ ಕಿತ್ತ ಮ್ಯಾಲ ಅಲ್ಲಿ ನಿಮ್ಮವರಿಗಿ ಏನಾಕ್ಕಿತ್ತೋ. ನಂದೇನು, ಹಾಲ ಹೋಕ್ಕಿತ್ತು."

ಒಳಗೆ ಹೋದಳು. ತಂಬಿಗೆ ತೊಳೆಯುವ ಸಪ್ಪಳ ಕೇಳಿಸಿತು. ಆಕೆ ಮಜ್ಜಿಗೆ ತಂದು ನನ್ನ ಎದುರು ಹಿಡಿದು, ಮೂರು ವರ್ಷದಿಂದ ಕೇಳುತ್ತಿದ್ದದ್ದನ್ನೇ ಕೇಳಿದಳು.

"ಮನ್ಯಾಗ ಈಗ ಆರಾಮ ಅದಾರೇನ್ರಿ?"

ಈ ಸಲ ಆಕೆ ಉತ್ತರಕ್ಕೆ ಕಾಯುತ್ತಿದ್ದಳು. ಈ ಸಲ ಎಂದೆನೇ? ಪ್ರತಿ ಸಲವೂ ಕಾಯುತ್ತಿದ್ದಳು. ಊರಿನ ಎದುರು ಗಟ್ಟಿಯಾಗಿ ಹೇಳಿದ 'ಆಟ' ಎಂಬ ಆ ಎರಡಕ್ಷರ ಆಕೆಯ ಎದುರು ನನ್ನ ಬಾಯಿಂದ ಹೊರಡಲಿಲ್ಲ. ಸಂಜೆಯೊಳಗೆ ಯಾರಾದರೂ ನಗುತ್ತ ಬಂದು ಹೇಳಿಯೇ ಹೇಳುತ್ತಾರೆ ಎಂದು ಗೊತ್ತಿತ್ತು. ಆದರೂ ಹೊರಡಲಿಲ್ಲ.

"ಆರಾಮ ಅದಾರ್ರಿ. ಪೂರಾ ಆರಾಮ ಆದ್ರು," ಅಂದೆ.

ಆಕೆ ಕಣ್ಣು ಮುಚ್ಚಿ ಹಣೆಗೆ ಕೈ ಮುಟ್ಟಿಸಿಕೊಂಡಳು. ನಾನು ತಂಬಿಗೆ ಇಸಿದುಕೊಂಡೆ. ಅಂಗೈಗೆ ಹತ್ತಿದ್ದ ಭಂಡಾರ ಆ ತಂಬಿಗೆಗೆಲ್ಲ ಮೆತ್ತಿಕೊಂಡಿತು.